ಪಿಎಚ್‌ಪಿಮೈಅಡ್ಮಿನ್ ಲಾಗಿನ್ ಸಮಸ್ಯೆಗಳು

ಪಿಎಚ್‌ಪಿಮೈಅಡ್ಮಿನ್ ಎಂಬುದು ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ದತ್ತಸಂಚಯಗಳನ್ನು ಬ್ರೌಸರ್ ಮೂಲಕ ನಿರ್ವಹಿಸಲು ನೆರವಾಗುವ ಮುಕ್ತ ತಂತ್ರಾಂಶವಾಗಿದೆ. ಇದು ಪಿಎಚ್‌ಪಿ ಭಾಷೆಯಲ್ಲಿ ರಚಿತವಾಗಿದ್ದು, ಜಿಪಿಎಲ್ ಪರವಾನಗಿಯ ಎರಡನೆಯ ಆವೃತ್ತಿಯಡಿ ಉಚಿತವಾಗಿ ದೊರೆಯುತ್ತದೆ. ಈ ತಂತ್ರಾಂಶವನ್ನು ಪ್ರವೇಶಿಸುವಾಗ ಎದುರಾಗುವ ತೊಡಕುಗಳನ್ನು ಒಟ್ಟಾಗಿ ಲಾಗಿನ್ ಸಮಸ್ಯೆಗಳೆಂದು ಕರೆಯಲಾಗುತ್ತದೆ. ಪರದೆಯ ಮೇಲೆ ಇವೆಲ್ಲವೂ ಒಂದೇ ಬಗೆಯಾಗಿ ತೋರಿದರೂ ಇವುಗಳ ಮೂಲ ಬೇರೆ ಬೇರೆಯಾಗಿರುತ್ತದೆ. ವೆಬ್ ಸರ್ವರ್, ಪಿಎಚ್‌ಪಿ, ತಂತ್ರಾಂಶದ ಸಂರಚನಾ ಕಡತ, ದತ್ತಸಂಚಯ ಸರ್ವರ್, ಬಳಕೆದಾರರ ಬ್ರೌಸರ್ ಇವುಗಳಲ್ಲಿ ಯಾವುದರಲ್ಲಿ ಬೇಕಾದರೂ ದೋಷವಿರಬಹುದು. ದೋಷ ಎಲ್ಲಿದೆ ಎಂಬುದನ್ನು ಗುರುತಿಸದೆ ಪರಿಹಾರಕ್ಕೆ ಕೈಹಾಕಿದಲ್ಲಿ ದತ್ತಾಂಶವೇ ನಷ್ಟವಾಗುವ ಅಥವಾ ಅನ್ಯರ ಪಾಲಾಗುವ ಅಪಾಯವಿದೆ.

ಇತಿಹಾಸ

ಈ ತಂತ್ರಾಂಶದ ರಚನೆಯನ್ನು ಟೋಬಿಯಾಸ್ ರಾಟ್‌ಶಿಲ್ಲರ್ 1998ರಲ್ಲಿ ಆರಂಭಿಸಿದರು. ಸಮಯದ ಅಭಾವದಿಂದ ಅವರು 2000ದಲ್ಲಿ ಈ ಕಾರ್ಯವನ್ನು ಕೈಬಿಟ್ಟರು. 2001ರಲ್ಲಿ ಒಲಿವಿಯೆ ಮ್ಯುಲರ್, ಮಾರ್ಕ್ ಡೆಲಿಲ್ ಮತ್ತು ಲೋಯಿಕ್ ಶಾಪೋ ಎಂಬ ಮೂವರು ಯೋಜನೆಯನ್ನು ವಹಿಸಿಕೊಂಡು ಮುಂದುವರಿಸಿದರು. ಇದು ಆಧರಿಸಿರುವ ಮೈಎಸ್‌ಕ್ಯೂಎಲ್ 1995ರಲ್ಲಿ ಬಿಡುಗಡೆಯಾಗಿತ್ತು. 2010ರಲ್ಲಿ ಅದು ಒರಾಕಲ್ ಸಂಸ್ಥೆಯ ಒಡೆತನಕ್ಕೆ ಸೇರಿತು. ಇದಕ್ಕೆ ಮುಂಚೆಯೇ, 2009ರಲ್ಲಿ, ಮೈಎಸ್‌ಕ್ಯೂಎಲ್‌ನ ಮೂಲ ರಚನಕಾರರಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ ಅದರ ಕವಲಾಗಿ ಮರಿಯಾಡಿಬಿಯನ್ನು ಆರಂಭಿಸಿದ್ದರು. ಈ ಎರಡು ಸರ್ವರುಗಳು ಪ್ರವೇಶ ನಿಯಮಗಳಲ್ಲಿ ಕಾಲಕ್ರಮೇಣ ಬೇರೆಯಾದುದರಿಂದ, ಒಂದಕ್ಕೆ ಹೊಂದುವ ಪರಿಹಾರ ಮತ್ತೊಂದಕ್ಕೆ ಹೊಂದದಿರುವುದೂ ಉಂಟು.

ಕರ್ನಾಟಕದಲ್ಲಿ ಬಳಕೆ

ಕರ್ನಾಟಕದ ಬಹುಪಾಲು ಬಳಕೆದಾರರಿಗೆ ಈ ತಂತ್ರಾಂಶದ ಪರಿಚಯವಾಗುವುದು ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ವೆಬ್ ತಂತ್ರಜ್ಞಾನದ ಪ್ರಯೋಗಾಲಯವೂ ಕಿರು ಯೋಜನೆಯೂ ಇದ್ದವು. ದತ್ತಸಂಚಯದಲ್ಲಿರುವ ವಿದ್ಯಾರ್ಥಿಗಳ ದಾಖಲೆಗಳನ್ನು ಪಿಎಚ್‌ಪಿ ಬಳಸಿ ವಿಂಗಡಿಸುವುದು ಅಲ್ಲಿಯ ಪ್ರಯೋಗಗಳಲ್ಲಿ ಒಂದು. ಬೆಂಗಳೂರಿನ ವಿಶ್ವೇಶ್ವರಪುರದಲ್ಲಿರುವ ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ (ಸ್ಥಾಪನೆ 1979) ಈ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆ. ಬಸವನಗುಡಿಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು (ಸ್ಥಾಪನೆ 1946) ಇದರಡಿಯಲ್ಲಿಯೇ ಸ್ವಾಯತ್ತತೆ ಪಡೆದಿದೆ. ಇಂತಹ ಪ್ರಯೋಗಗಳಿಗೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಜ್ಯಾಂಪ್ ಎಂಬ ತಂತ್ರಾಂಶಗುಚ್ಛವನ್ನು ತಮ್ಮ ಗಣಕಯಂತ್ರದಲ್ಲಿ ಅಳವಡಿಸಿಕೊಳ್ಳುತ್ತಾರೆ. ಅದರಲ್ಲಿ ಅಪಾಚೆ, ಪಿಎಚ್‌ಪಿ, ಮರಿಯಾಡಿಬಿ ಹಾಗೂ ಪಿಎಚ್‌ಪಿಮೈಅಡ್ಮಿನ್ ಒಟ್ಟಿಗೆ ಬರುತ್ತವೆ.

ಕನ್ನಡ ವಿಕಿಪೀಡಿಯವು (ಆರಂಭ 2003) ಮೀಡಿಯಾವಿಕಿ ತಂತ್ರಾಂಶದ ಮೇಲೆ ನಡೆಯುತ್ತದೆ. ಅದೂ ಪಿಎಚ್‌ಪಿಯಲ್ಲಿ ರಚಿತವಾದುದು. ಅದರ ಪುಟಗಳು ಮರಿಯಾಡಿಬಿಯಲ್ಲಿ ಸಂಗ್ರಹವಾಗುತ್ತವೆ. ವರ್ಡ್‌ಪ್ರೆಸ್ ಆಧಾರಿತ ಕನ್ನಡ ಬ್ಲಾಗುಗಳು, ಮೂಡಲ್ ಆಧಾರಿತ ಪಾಠತಾಣಗಳು, ಕೋಹಾ ಆಧಾರಿತ ಗ್ರಂಥಾಲಯ ಸೂಚಿಗಳು ಇವೂ ಇದೇ ಬಗೆಯ ದತ್ತಸಂಚಯಗಳನ್ನು ಅವಲಂಬಿಸಬಲ್ಲವು. ಆದುದರಿಂದ ಪಿಎಚ್‌ಪಿಮೈಅಡ್ಮಿನ್‌ನ ಬಾಗಿಲು ತೆರೆಯದಿದ್ದಾಗ ಒಳಗೆ ಸಿಲುಕಿರುವುದು ವಿದ್ಯಾರ್ಥಿಯ ಒಂದು ಅಭ್ಯಾಸಪಾಠವಾಗಿರಬಹುದು, ಒಂದು ವಾಚನಾಲಯದ ಹಲವು ವರ್ಷಗಳ ಪುಸ್ತಕಸೂಚಿಯೂ ಆಗಿರಬಹುದು.

ಪ್ರವೇಶದ ಕಾರ್ಯವಿಧಾನ

ಪಿಎಚ್‌ಪಿಮೈಅಡ್ಮಿನ್‌ಗೆ ತನ್ನದೇ ಆದ ಬಳಕೆದಾರರ ಪಟ್ಟಿ ಇಲ್ಲ. ಲಾಗಿನ್ ಪುಟದಲ್ಲಿ ನಮೂದಿಸಿದ ಹೆಸರನ್ನೂ ಗುಪ್ತಪದವನ್ನೂ ಅದು ದತ್ತಸಂಚಯ ಸರ್ವರಿಗೆ ಒಯ್ದು ಒಪ್ಪಿಸುತ್ತದೆ. ಒಪ್ಪುವುದು ಅಥವಾ ನಿರಾಕರಿಸುವುದು ಸರ್ವರಿನ ಕೆಲಸ. ಬಂದವರ ಹೆಸರಿನ ಚೀಟಿಯನ್ನು ಒಳಗೆ ಕೊಟ್ಟು ಉತ್ತರ ತರುವ ಕಾವಲುಗಾರನಿಗೆ ಇದನ್ನು ಹೋಲಿಸಬಹುದು. ಹಾಜರಿಪುಸ್ತಕ ಅವನ ಬಳಿ ಇರುವುದಿಲ್ಲ.

ಈ ಅಂಶವನ್ನು ತಿಳಿದರೆ ಅನೇಕ ಗೊಂದಲಗಳು ನಿವಾರಣೆಯಾಗುತ್ತವೆ. ವರ್ಡ್‌ಪ್ರೆಸ್ ಅಥವಾ ಕೋಹಾದ ಬಳಕೆದಾರರ ಹೆಸರುಗಳು ದತ್ತಸಂಚಯದ ಒಳಗಿನ ಒಂದು ಕೋಷ್ಟಕದಲ್ಲಿ ಇರುತ್ತವೆ. ದತ್ತಸಂಚಯ ಸರ್ವರಿನ ಖಾತೆಗಳು ಅವುಗಳಿಂದ ಪೂರ್ಣವಾಗಿ ಬೇರೆ. ಬ್ಲಾಗಿಗೆ ಬರೆಯಲು ಬಳಸುವ ಗುಪ್ತಪದದಿಂದ ಪಿಎಚ್‌ಪಿಮೈಅಡ್ಮಿನ್ ತೆರೆಯದಿರುವುದು ದೋಷವಲ್ಲ. ವರ್ಡ್‌ಪ್ರೆಸ್ ಬಳಸುವ ದತ್ತಸಂಚಯ ಖಾತೆಯ ಹೆಸರು ಹಾಗೂ ಗುಪ್ತಪದ ಅದರ ಡಬ್ಲ್ಯೂಪಿ-ಕಾನ್ಫಿಗ್ ಕಡತದಲ್ಲಿ ದೊರೆಯುತ್ತವೆ. ಹೋಸ್ಟಿಂಗ್ ಸಂಸ್ಥೆಗಳ ಸರ್ವರುಗಳಲ್ಲಿ ಇಂತಹ ಹೆಸರಿನ ಮುಂದೆ ಗ್ರಾಹಕರ ಖಾತೆಯ ಹೆಸರು ಮತ್ತು ಒಂದು ಅಡಿಗೆರೆ ಸೇರಿರುವುದು ವಾಡಿಕೆ. ಅದನ್ನು ಬಿಟ್ಟು ಬರೆದರೆ ಪ್ರವೇಶ ದೊರೆಯದು.

ತಂತ್ರಾಂಶದ ಸಂರಚನಾ ಕಡತವು ನಾಲ್ಕು ಬಗೆಯ ದೃಢೀಕರಣಕ್ಕೆ ಅವಕಾಶ ನೀಡುತ್ತದೆ.

• ಕುಕೀ ವಿಧಾನ: ಬಳಕೆದಾರರು ಪ್ರತಿ ಬಾರಿ ಹೆಸರು, ಗುಪ್ತಪದಗಳನ್ನು ನಮೂದಿಸುತ್ತಾರೆ. ಇವು ಗೂಢಲಿಪಿಯಲ್ಲಿ ಬ್ರೌಸರಿನ ಕುಕೀಯಲ್ಲಿ ಉಳಿಯುತ್ತವೆ. ಬೇರೆ ವಿಧಾನವನ್ನು ಸೂಚಿಸದಿದ್ದಲ್ಲಿ ಜಾರಿಯಲ್ಲಿರುವುದು ಇದೇ.
• ಕಾನ್ಫಿಗ್ ವಿಧಾನ: ಹೆಸರು, ಗುಪ್ತಪದಗಳನ್ನು ಸಂರಚನಾ ಕಡತದಲ್ಲೇ ಬರೆದಿಡಲಾಗುತ್ತದೆ. ಲಾಗಿನ್ ಪುಟ ಕಾಣಿಸುವುದೇ ಇಲ್ಲ.
• ಎಚ್‌ಟಿಟಿಪಿ ವಿಧಾನ: ಬ್ರೌಸರ್ ತಾನೇ ಒಂದು ಸಣ್ಣ ಕಿಟಕಿಯಲ್ಲಿ ವಿವರ ಕೇಳುತ್ತದೆ.
• ಸೈನ್‌ಆನ್ ವಿಧಾನ: ಮತ್ತೊಂದು ತಂತ್ರಾಂಶದಲ್ಲಿ ಈಗಾಗಲೇ ಪ್ರವೇಶಿಸಿದವರನ್ನು ನೇರವಾಗಿ ಒಳಗೆ ಬಿಡಲಾಗುತ್ತದೆ.

ದೋಷದ ಮೂಲವನ್ನು ಗುರುತಿಸುವುದು

ಸರ್ವರಿನಿಂದ ಬರುವ ದೋಷಸಂದೇಶಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಇರುತ್ತವೆ. ಆದರೆ ಪ್ರತಿ ಸಂದೇಶದ ಜೊತೆಗೂ ಒಂದು ದೋಷಸಂಖ್ಯೆ ಇರುತ್ತದೆ. ಇಂಗ್ಲಿಷ್ ವಾಕ್ಯವು ಅರ್ಥವಾಗದಿದ್ದರೂ ಸಂಖ್ಯೆಯ ನೆರವಿನಿಂದ ಕಾರಣವನ್ನು ಗುರುತಿಸಬಹುದು. ಆದುದರಿಂದ ಯಾವುದೇ ಬದಲಾವಣೆ ಮಾಡುವ ಮುನ್ನ ಸಂದೇಶವನ್ನು ಸಂಖ್ಯೆಸಹಿತ ಬರೆದಿಟ್ಟುಕೊಳ್ಳುವುದು ಉತ್ತಮ.

ಪುಟವೇ ತೆರೆಯದಿರುವುದು

ಲಾಗಿನ್ ಪುಟ ಕಾಣಿಸುವ ಮೊದಲೇ 404 ಅಥವಾ 403 ಎಂಬ ಸಂಖ್ಯೆ ಬಂದರೆ ಗುಪ್ತಪದಕ್ಕೂ ದೋಷಕ್ಕೂ ಸಂಬಂಧವಿಲ್ಲ. 404 ಎಂದರೆ ವೆಬ್ ಸರ್ವರಿಗೆ ಆ ವಿಳಾಸದಲ್ಲಿ ಪುಟ ದೊರೆತಿಲ್ಲ. ಉಬುಂಟು ವ್ಯವಸ್ಥೆಯಲ್ಲಿ ತಂತ್ರಾಂಶ ಅಳವಡಿಸುವಾಗ ಅಪಾಚೆಯನ್ನು ಆಯ್ಕೆ ಮಾಡದೆ ಮುಂದುವರಿದರೆ ಹೀಗಾಗುತ್ತದೆ. 403 ಎಂದರೆ ಪುಟವಿದೆ, ಆದರೆ ನೋಡಲು ಅನುಮತಿಯಿಲ್ಲ. ಬೇರೆ ಗಣಕಯಂತ್ರಗಳಿಂದ ಪ್ರವೇಶವನ್ನು ನಿರ್ಬಂಧಿಸುವ ನಿಯಮ ಅಪಾಚೆಯಲ್ಲಿ ಇದ್ದಾಗ ಈ ಉತ್ತರ ಬರುತ್ತದೆ. ಅದು ಬಹುತೇಕ ರಕ್ಷಣೆಗಾಗಿಯೇ ಇರಿಸಿದ ನಿಯಮವಾದುದರಿಂದ ಯೋಚಿಸದೆ ತೆಗೆದುಹಾಕಬಾರದು. ಮೈಎಸ್‌ಕ್ಯೂಎಲ್‌ಐ ವಿಸ್ತರಣೆ ಇಲ್ಲವೆಂಬ ಸಂದೇಶ ಬಂದರೆ ಪಿಎಚ್‌ಪಿಯ ಆ ಭಾಗವನ್ನು ಅಳವಡಿಸಿ ವೆಬ್ ಸರ್ವರನ್ನು ಮರುಚಾಲನೆ ಮಾಡಬೇಕು.

ದೋಷಸಂಖ್ಯೆ 2002

ದತ್ತಸಂಚಯ ಸರ್ವರನ್ನು ತಲುಪಲಾಗಲಿಲ್ಲ ಎಂಬುದು ಇದರ ಅರ್ಥ. ಸರ್ವರ್ ಚಾಲನೆಯಲ್ಲಿ ಇಲ್ಲದಿರುವುದೇ ಸಾಮಾನ್ಯ ಕಾರಣ. ಜ್ಯಾಂಪ್ ಬಳಸುವವರು ಅದರ ನಿಯಂತ್ರಣ ಫಲಕದಲ್ಲಿ ಅಪಾಚೆಯನ್ನು ಮಾತ್ರ ಆರಂಭಿಸಿ, ಮೈಎಸ್‌ಕ್ಯೂಎಲ್ ಗುಂಡಿಯನ್ನು ಒತ್ತಲು ಮರೆತಿರುತ್ತಾರೆ. ಲಿನಕ್ಸ್ ಮತ್ತು ಅದರಂಥ ವ್ಯವಸ್ಥೆಗಳಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದರೆ ಸಂಪರ್ಕವು ಸಾಕೆಟ್ ಕಡತದ ಮೂಲಕ ಆಗುತ್ತದೆ. 127.0.0.1 ಎಂದು ಬರೆದರೆ ಜಾಲದ ಪೋರ್ಟ್ ಮೂಲಕ ಆಗುತ್ತದೆ. ಎರಡೂ ಒಂದೇ ಯಂತ್ರವನ್ನು ಸೂಚಿಸಿದರೂ ಹಾದಿ ಬೇರೆಯಾದುದರಿಂದ, ಒಂದು ವಿಫಲವಾದಾಗ ಇನ್ನೊಂದು ಸಫಲವಾಗಬಹುದು. ಡಾಕರ್ ಬಳಸುವಲ್ಲಿ ಪಿಎಚ್‌ಪಿಮೈಅಡ್ಮಿನ್ ಇರುವ ಕಂಟೇನರಿಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ ಆಗಿರುತ್ತದೆ. ಅಲ್ಲಿ ದತ್ತಸಂಚಯದ ಕಂಟೇನರಿಗೆ ಇಟ್ಟ ಹೆಸರನ್ನು ನಮೂದಿಸಬೇಕು.

ದೋಷಸಂಖ್ಯೆ 1045

ಲಾಗಿನ್ ದೋಷಗಳಲ್ಲಿ ಅತ್ಯಂತ ಪರಿಚಿತವಾದುದು ಇದು. ಸರ್ವರ್ ದೊರೆತಿದೆ, ಆದರೆ ಹೆಸರು, ಗುಪ್ತಪದಗಳನ್ನು ಅದು ಒಪ್ಪಿಲ್ಲ. ಸಂದೇಶದ ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್’ ಎಂಬ ಮಾತಿನ ಮುಂದೆ ‘ಯೆಸ್’ ಅಥವಾ ‘ನೋ’ ಎಂದಿರುತ್ತದೆ. ‘ನೋ’ ಎಂದಿದ್ದರೆ ಸರ್ವರಿಗೆ ಯಾವ ಗುಪ್ತಪದವೂ ತಲುಪಿಲ್ಲವೆಂದು ತಿಳಿಯಬೇಕು. ‘ಯೆಸ್’ ಎಂದಿದ್ದರೆ ಗುಪ್ತಪದ ತಲುಪಿದೆ. ಅದು ತಪ್ಪಾಗಿರಬಹುದು, ಇಲ್ಲವೇ ಆ ಹೆಸರಿನ ಖಾತೆಯೇ ಇಲ್ಲದಿರಬಹುದು.

ವಿದ್ಯಾರ್ಥಿಗಳಲ್ಲಿ ಕಂಡುಬರುವ ಸಾಮಾನ್ಯ ಪ್ರಸಂಗ ಹೀಗಿದೆ. ಜ್ಯಾಂಪ್‌ನಲ್ಲಿ ಆರಂಭದಲ್ಲಿ ಕಾನ್ಫಿಗ್ ವಿಧಾನ ಜಾರಿಯಲ್ಲಿದ್ದು, ರೂಟ್ ಎಂಬ ಮುಖ್ಯ ಖಾತೆಗೆ ಗುಪ್ತಪದ ಇರುವುದಿಲ್ಲ. ವಿದ್ಯಾರ್ಥಿಯು ಸುರಕ್ಷತೆಗಾಗಿ ಪಿಎಚ್‌ಪಿಮೈಅಡ್ಮಿನ್ ಒಳಗಿನಿಂದಲೇ ರೂಟ್ ಖಾತೆಗೆ ಗುಪ್ತಪದ ನೀಡುತ್ತಾನೆ. ಮರುಕ್ಷಣವೇ 1045 ಸಂಖ್ಯೆಯ ದೋಷ ಎದುರಾಗುತ್ತದೆ. ಸರ್ವರಿನಲ್ಲಿ ಗುಪ್ತಪದ ಬದಲಾಗಿದ್ದರೂ ಸಂರಚನಾ ಕಡತವು ಇನ್ನೂ ಖಾಲಿ ಗುಪ್ತಪದವನ್ನೇ ಕಳುಹಿಸುತ್ತಿರುವುದು ಇದಕ್ಕೆ ಕಾರಣ. ಹೊಸ ಗುಪ್ತಪದವನ್ನು ಕಡತದಲ್ಲಿ ಬರೆದರೆ ಸಮಸ್ಯೆ ಬಗೆಹರಿಯುತ್ತದೆ. ಕಡತದಲ್ಲಿ ಕಾನ್ಫಿಗ್ ಎಂಬುದನ್ನು ಕುಕೀ ಎಂದು ಬದಲಿಸಿ, ಪ್ರತಿ ಬಾರಿ ಗುಪ್ತಪದ ನಮೂದಿಸುವುದು ಇದಕ್ಕಿಂತ ಒಳ್ಳೆಯ ಕ್ರಮ.

ಒಂದೇ ಯಂತ್ರದಲ್ಲಿ ಮೈಎಸ್‌ಕ್ಯೂಎಲ್ ಮತ್ತು ಜ್ಯಾಂಪ್ ಎರಡನ್ನೂ ಅಳವಡಿಸಿದಾಗ ಎರಡೂ 3306ನೆಯ ಪೋರ್ಟನ್ನೇ ಬಯಸುತ್ತವೆ. ಮೊದಲು ಚಾಲನೆಗೆ ಬಂದದ್ದಕ್ಕೆ ಅದು ದೊರೆಯುತ್ತದೆ. ಆಗ ಪಿಎಚ್‌ಪಿಮೈಅಡ್ಮಿನ್ ತಲುಪುವುದು ಬೇರೊಂದು ಸರ್ವರನ್ನು, ಅದರ ಗುಪ್ತಪದವೂ ಬೇರೆ. ನೆನ್ನೆಯವರೆಗೆ ಸರಿಯಾಗಿದ್ದ ಗುಪ್ತಪದ ಇಂದು ನಡೆಯುತ್ತಿಲ್ಲವೆಂಬ ದೂರಿನ ಹಿಂದೆ ಕೆಲವೊಮ್ಮೆ ಇದೇ ಕಾರಣವಿರುತ್ತದೆ.

ದೋಷಸಂಖ್ಯೆ 1698

ಗುಪ್ತಪದ ಸರಿಯಿದ್ದರೂ ರೂಟ್ ಖಾತೆಗೆ ಪ್ರವೇಶ ದೊರೆಯದಿರುವ ಪ್ರಸಂಗವಿದು. ಉಬುಂಟು, ಡೆಬಿಯನ್ ಮುಂತಾದ ವ್ಯವಸ್ಥೆಗಳಲ್ಲಿಯೂ ಮರಿಯಾಡಿಬಿಯ 10.4ನೆಯ ಆವೃತ್ತಿಯಿಂದೀಚೆಗೂ ರೂಟ್ ಖಾತೆಯನ್ನು ಗುಪ್ತಪದದ ಬದಲಿಗೆ ಕಾರ್ಯಾಚರಣೆ ವ್ಯವಸ್ಥೆಯ ಗುರುತಿನಿಂದ ದೃಢೀಕರಿಸುವ ಪದ್ಧತಿ ಬಂದಿದೆ. ಯಂತ್ರದ ನಿರ್ವಾಹಕರು ಟರ್ಮಿನಲ್‌ನಲ್ಲಿ ‘ಸುಡೊ ಮೈಎಸ್‌ಕ್ಯೂಎಲ್’ ಎಂದು ಟೈಪಿಸಿದರೆ ಪ್ರವೇಶ ದೊರೆಯುತ್ತದೆ. ಪಿಎಚ್‌ಪಿಮೈಅಡ್ಮಿನ್ ವೆಬ್ ಸರ್ವರಿನ ಗುರುತಿನಲ್ಲಿ ನಡೆಯುವುದರಿಂದ ಅದಕ್ಕೆ ಪ್ರವೇಶವಿಲ್ಲ. ಇಲ್ಲಿ ರೂಟ್ ಖಾತೆಯ ನಿಯಮವನ್ನು ಸಡಿಲಿಸುವ ಬದಲು, ಟರ್ಮಿನಲ್ ಮೂಲಕ ಒಳಹೊಕ್ಕು ಪ್ರತ್ಯೇಕ ಖಾತೆಯೊಂದನ್ನು ಸೃಷ್ಟಿಸಿ, ಅದಕ್ಕೆ ಅಗತ್ಯವಾದ ದತ್ತಸಂಚಯದ ಮೇಲೆ ಮಾತ್ರ ಹಕ್ಕು ನೀಡುವುದು ಸರಿಯಾದ ಮಾರ್ಗ.

ದೋಷಸಂಖ್ಯೆ 2054

2018ರಲ್ಲಿ ಬಿಡುಗಡೆಯಾದ ಮೈಎಸ್‌ಕ್ಯೂಎಲ್ 8.0, ಗುಪ್ತಪದ ಪರೀಕ್ಷಿಸಲು ಹೊಸ ವಿಧಾನವನ್ನು ಪೂರ್ವನಿಯೋಜಿತವಾಗಿಸಿತು. ಆ ವಿಧಾನವನ್ನು ಅರಿಯದ ಹಳೆಯ ಪಿಎಚ್‌ಪಿ ಆವೃತ್ತಿಗಳಿದ್ದಲ್ಲಿ ಈ ದೋಷ ಬರುತ್ತದೆ. ಖಾತೆಯನ್ನು ಹಳೆಯ ವಿಧಾನಕ್ಕೆ ಮರಳಿಸಬೇಕೆಂಬ ಸಲಹೆ ಜಾಲದಲ್ಲಿ ವ್ಯಾಪಕವಾಗಿ ಕಂಡುಬರುತ್ತದೆ. ಆದರೆ 8.4ನೆಯ ಆವೃತ್ತಿಯಲ್ಲಿ ಆ ಹಳೆಯ ವಿಧಾನವು ಪೂರ್ವನಿಯೋಜಿತವಾಗಿ ನಿಷ್ಕ್ರಿಯವಾಗಿದೆ, 9.0ನೆಯ ಆವೃತ್ತಿಯಲ್ಲಿ ಅದನ್ನು ತೆಗೆದೇಹಾಕಲಾಗಿದೆ. ಪಿಎಚ್‌ಪಿಯನ್ನು 7.4 ಅಥವಾ ಅನಂತರದ ಆವೃತ್ತಿಗೆ ಏರಿಸುವುದು ಬಾಳಿಕೆಯ ಪರಿಹಾರವಾಗಿದೆ.

ದೋಷಸಂಖ್ಯೆ 1130 ಮತ್ತು ಅನಾಮಿಕ ಖಾತೆ

ಮೈಎಸ್‌ಕ್ಯೂಎಲ್‌ನಲ್ಲಿ ಖಾತೆಯೆಂದರೆ ಹೆಸರು ಮಾತ್ರವಲ್ಲ. ಹೆಸರು ಮತ್ತು ಸಂಪರ್ಕ ಬರುವ ಯಂತ್ರದ ವಿಳಾಸ ಇವೆರಡೂ ಸೇರಿ ಒಂದು ಖಾತೆಯಾಗುತ್ತದೆ. ಒಂದೇ ಹೆಸರಿನ ವ್ಯಕ್ತಿಗೆ ಪ್ರಯೋಗಾಲಯದ ಸರ್ವರಿನಿಂದ ಪ್ರವೇಶವಿದ್ದು, ಮನೆಯಿಂದ ಇಲ್ಲದಿರಬಹುದು. ಸಂಪರ್ಕ ಬಂದ ಯಂತ್ರಕ್ಕೆ ಯಾವ ಖಾತೆಯಲ್ಲೂ ಅವಕಾಶವಿಲ್ಲದಿದ್ದರೆ 1130 ಸಂಖ್ಯೆಯ ದೋಷ ಬರುತ್ತದೆ. ಹಳೆಯ ಸರ್ವರುಗಳಲ್ಲಿ ಹೆಸರಿಲ್ಲದ ಅನಾಮಿಕ ಖಾತೆಯೊಂದು ಲೋಕಲ್‌ಹೋಸ್ಟ್‌ಗೆ ಸೇರಿ ಉಳಿದಿರುವುದುಂಟು. ಸರ್ವರು ಹೆಚ್ಚು ನಿರ್ದಿಷ್ಟವಾದ ವಿಳಾಸವಿರುವ ಖಾತೆಯನ್ನು ಮೊದಲು ಪರಿಗಣಿಸುವುದರಿಂದ, ಎಲ್ಲ ವಿಳಾಸಗಳಿಗೂ ಅನ್ವಯಿಸುವಂತೆ ಸೃಷ್ಟಿಸಿದ ನಿಜವಾದ ಖಾತೆಯನ್ನು ಹಿಂದಿಕ್ಕಿ ಅನಾಮಿಕ ಖಾತೆಯೇ ಆಯ್ಕೆಯಾಗುತ್ತದೆ. ಗುಪ್ತಪದ ಸರಿಯಿದ್ದರೂ ಆಗ ಪ್ರವೇಶ ನಿರಾಕೃತವಾಗುತ್ತದೆ. ಅನಾಮಿಕ ಖಾತೆಯನ್ನು ಅಳಿಸಿದರೆ ಇದು ನಿವಾರಣೆಯಾಗುತ್ತದೆ.

ಕುಕೀ ಮತ್ತು ಸೆಷನ್ ದೋಷಗಳು

ಸರಿಯಾದ ವಿವರ ನೀಡಿದರೂ ಲಾಗಿನ್ ಪುಟವೇ ಮತ್ತೆ ಮತ್ತೆ ಮರಳಿ ಬಂದರೆ ದೋಷವು ಬಹುತೇಕ ಕುಕೀ ಅಥವಾ ಸೆಷನ್‌ಗೆ ಸಂಬಂಧಿಸಿರುತ್ತದೆ. ಬ್ರೌಸರಿನಲ್ಲಿ ಕುಕೀಗಳನ್ನು ನಿರ್ಬಂಧಿಸಿರುವುದು, ಸೆಷನ್ ಕಡತಗಳನ್ನು ಬರೆಯುವ ಕೋಶಕ್ಕೆ ಪಿಎಚ್‌ಪಿಗೆ ಅನುಮತಿಯಿಲ್ಲದಿರುವುದು, ಸರ್ವರಿನ ಡಿಸ್ಕ್ ತುಂಬಿರುವುದು, ಎಚ್‌ಟಿಟಿಪಿಎಸ್ ಬದಲಿಗೆ ಎಚ್‌ಟಿಟಿಪಿ ವಿಳಾಸ ಬಳಸಿರುವುದು ಇದಕ್ಕೆ ಮುಖ್ಯ ಕಾರಣಗಳು. ಆ ತಾಣದ ಕುಕೀಗಳನ್ನು ಅಳಿಸಿ, ಅಥವಾ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆದು ನೋಡುವುದು ಮೊದಲ ಪರೀಕ್ಷೆ.

ಕುಕೀಯನ್ನು ಗೂಢಲಿಪಿಗೊಳಿಸಲು ಸಂರಚನಾ ಕಡತದಲ್ಲಿ ‘ಬ್ಲೋಫಿಶ್ ಸೀಕ್ರೆಟ್’ ಎಂಬ ರಹಸ್ಯಪದವನ್ನು ಬರೆಯಬೇಕು. ಬ್ಲೋಫಿಶ್ ವಿಧಾನವು ಈಗ ಬಳಕೆಯಲ್ಲಿಲ್ಲದಿದ್ದರೂ ಹೆಸರು ಉಳಿದುಕೊಂಡಿದೆ. ಇದು 32 ಬೈಟ್ ಉದ್ದವಿರಬೇಕು. ಇದನ್ನು ನೆನಪಿಡಬೇಕಾದ ಅಗತ್ಯವಿಲ್ಲ, ಇದು ಯಾರ ಲಾಗಿನ್ ಗುಪ್ತಪದವೂ ಅಲ್ಲ. 1440 ಸೆಕೆಂಡುಗಳ ಕಾಲ, ಅಂದರೆ 24 ನಿಮಿಷ, ಯಾವ ಚಟುವಟಿಕೆಯೂ ಇಲ್ಲದಿದ್ದರೆ ಮತ್ತೆ ಲಾಗಿನ್ ಆಗುವಂತೆ ಕೇಳುವುದು ತಂತ್ರಾಂಶದ ಪೂರ್ವನಿಯೋಜಿತ ನಡವಳಿಕೆಯೇ ಹೊರತು ದೋಷವಲ್ಲ.

ಕನ್ನಡ ಕೀಲಿಮಣೆಯ ತೊಡಕು

ಕನ್ನಡದಲ್ಲಿ ಟೈಪಿಸುವವರಿಗೆ ವಿಶಿಷ್ಟವಾದ ತೊಡಕೊಂದಿದೆ. ಬೆಂಗಳೂರಿನ ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿ ಬಳಕೆಯಾಗುವುದು ಕ.ಗ.ಪ. ಕೀಲಿಮಣೆ ವಿನ್ಯಾಸ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಇದನ್ನು ಕರ್ನಾಟಕ ಸರ್ಕಾರವು ಪ್ರಮಾಣಿತ ವಿನ್ಯಾಸವೆಂದು ಅಂಗೀಕರಿಸಿದೆ. ಇನ್‌ಸ್ಕ್ರಿಪ್ಟ್ ವಿನ್ಯಾಸವೂ ರೂಢಿಯಲ್ಲಿದೆ. ದತ್ತಸಂಚಯಕ್ಕೆ ಕನ್ನಡ ಪಠ್ಯವನ್ನು ಸೇರಿಸುತ್ತಿದ್ದವರು ಸೆಷನ್ ಮುಗಿದು ಲಾಗಿನ್ ಪುಟಕ್ಕೆ ಮರಳಿದಾಗ ಕೀಲಿಮಣೆಯು ಕನ್ನಡದಲ್ಲಿಯೇ ಉಳಿದಿರಬಹುದು. ಹೆಸರನ್ನು ಬ್ರೌಸರ್ ತಾನೇ ತುಂಬಿರುತ್ತದೆ, ಗುಪ್ತಪದದ ಸ್ಥಳದಲ್ಲಿ ಚುಕ್ಕೆಗಳಷ್ಟೇ ಕಾಣುತ್ತವೆ. ಬೆರಳುಗಳು ಸರಿಯಾದ ಕೀಲಿಗಳನ್ನೇ ಒತ್ತಿದರೂ ಸರ್ವರಿಗೆ ತಲುಪುವುದು ಬೇರೆ ಅಕ್ಷರಗಳು. ಫಲವಾಗಿ 1045 ಸಂಖ್ಯೆಯ ದೋಷ ಬರುತ್ತದೆ.

ಇದನ್ನು ಪರೀಕ್ಷಿಸಲು ಗುಪ್ತಪದದ ಒಂದೆರಡು ಅಕ್ಷರಗಳನ್ನು ಬಳಕೆದಾರರ ಹೆಸರಿನ ಸ್ಥಳದಲ್ಲಿ ಟೈಪಿಸಿ ನೋಡಿ, ಅನಂತರ ಅಳಿಸಿದರೆ ಸಾಕು. ಕ್ಯಾಪ್ಸ್ ಲಾಕ್ ಕೀಲಿಯಿಂದ ಆಗುವ ತಪ್ಪೂ ಇದೇ ಬಗೆಯದು. ಗುಪ್ತಪದ ಮರೆತಿದೆಯೆಂದು ತೀರ್ಮಾನಿಸುವ ಮೊದಲು ಈ ಎರಡನ್ನೂ ನೋಡುವುದು ಒಳಿತು.

ಗುಪ್ತಪದ ಮರೆತಾಗ

ರೂಟ್ ಗುಪ್ತಪದ ನಿಜವಾಗಿಯೂ ಮರೆತಿದ್ದರೆ ಪಿಎಚ್‌ಪಿಮೈಅಡ್ಮಿನ್‌ನ ಲಾಗಿನ್ ಪುಟದಿಂದ ಅದನ್ನು ಮರಳಿ ಪಡೆಯಲಾಗದು. ಸರ್ವರಿನಲ್ಲಿ ಗುಪ್ತಪದವು ಇದ್ದಂತೆಯೇ ಉಳಿದಿರುವುದಿಲ್ಲ. ಹೊಸದನ್ನು ಸ್ಥಾಪಿಸುವುದೊಂದೇ ದಾರಿ. ಇದಕ್ಕೆ ಯಂತ್ರದ ಮೇಲೆಯೇ ಅಧಿಕಾರವಿರಬೇಕು. ಸರ್ವರನ್ನು ನಿಲ್ಲಿಸಿ, ಗುಪ್ತಪದ ಬದಲಿಸುವ ‘ಆಲ್ಟರ್ ಯೂಸರ್’ ಆದೇಶವಿರುವ ಸಣ್ಣ ಪಠ್ಯಕಡತವನ್ನು ಸಿದ್ಧಪಡಿಸಿ, ‘ಇನಿಟ್-ಫೈಲ್’ ಆಯ್ಕೆಯ ಮೂಲಕ ಆ ಕಡತದೊಂದಿಗೆ ಸರ್ವರನ್ನು ಆರಂಭಿಸುವುದು ಮೈಎಸ್‌ಕ್ಯೂಎಲ್ ಕೈಪಿಡಿ ತಿಳಿಸುವ ಕ್ರಮ. ಕೆಲಸ ಮುಗಿದ ಕೂಡಲೇ ಕಡತವನ್ನು ಅಳಿಸಬೇಕು, ಏಕೆಂದರೆ ಅದರಲ್ಲಿ ಹೊಸ ಗುಪ್ತಪದ ಬರಹದಲ್ಲಿಯೇ ಇರುತ್ತದೆ.

‘ಸ್ಕಿಪ್-ಗ್ರಾಂಟ್-ಟೇಬಲ್ಸ್’ ಎಂಬ ಮತ್ತೊಂದು ಆಯ್ಕೆಯೂ ಇದೆ. ಅದು ಎಲ್ಲ ಖಾತೆಗಳ ತಪಾಸಣೆಯನ್ನೂ ಕೈಬಿಡುತ್ತದೆ. ಮೈಎಸ್‌ಕ್ಯೂಎಲ್ 8.0ರಲ್ಲಿ ಆ ಸ್ಥಿತಿಯಲ್ಲಿ ಜಾಲದ ಸಂಪರ್ಕ ತಾನಾಗಿಯೇ ಕಡಿತವಾಗುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಹೀಗಾಗುವುದಿಲ್ಲ. ಆದುದರಿಂದ ಆ ಸಾಲನ್ನು ಕಡತದಲ್ಲಿ ಮರೆತು ಬಿಟ್ಟರೆ ದತ್ತಸಂಚಯವು ಗುಪ್ತಪದವೇ ಇಲ್ಲದೆ ಯಾರಿಗಾದರೂ ತೆರೆದಿರುತ್ತದೆ.

ಅಪಾಯಕಾರಿ ಪರಿಹಾರಗಳು

ಲಾಗಿನ್ ಸಮಸ್ಯೆಗಿಂತ ಅದರ ತಪ್ಪು ಪರಿಹಾರವೇ ಹೆಚ್ಚು ಹಾನಿ ಮಾಡಬಲ್ಲದು. ಕೆಳಗಿನವು ಮುಖ್ಯವಾದವು.

• ಗುಪ್ತಪದವಿಲ್ಲದ ಪ್ರವೇಶಕ್ಕೆ ಅವಕಾಶ ನೀಡುವ ‘ಅಲೌ ನೋ ಪಾಸ್‌ವರ್ಡ್’ ಆಯ್ಕೆಯನ್ನು ಅಂತರಜಾಲಕ್ಕೆ ತೆರೆದಿರುವ ಸರ್ವರಿನಲ್ಲಿ ಚಾಲೂ ಮಾಡುವುದು.
• ಅಂತಹ ಸರ್ವರಿನಲ್ಲಿ ಕಾನ್ಫಿಗ್ ವಿಧಾನವನ್ನು ಬಳಸುವುದು. ವಿಳಾಸ ತಿಳಿದವರೆಲ್ಲರೂ ಆಗ ನೇರವಾಗಿ ಒಳಬರಬಹುದು.
• ಪ್ರತಿಯೊಂದು ಖಾತೆಗೂ ಎಲ್ಲ ದತ್ತಸಂಚಯಗಳ ಮೇಲೆ ಪೂರ್ಣ ಹಕ್ಕು ನೀಡುವುದು.
• ಮರಿಯಾಡಿಬಿ ಆರಂಭವಾಗದಿದ್ದಾಗ ದತ್ತಾಂಶದ ಕೋಶದಲ್ಲಿರುವ ‘ಐಬಿಡೇಟಾ1’ ಕಡತವನ್ನು ಅಳಿಸುವುದು. ಇನ್ನೋಡಿಬಿ ಮಾದರಿಯ ಕೋಷ್ಟಕಗಳು ಈ ಕಡತವಿಲ್ಲದೆ ತೆರೆಯುವುದಿಲ್ಲ.

ಕೊನೆಯ ಅಂಶವು ವಿಶೇಷ ಗಮನಕ್ಕೆ ಅರ್ಹವಾದುದು. ಲಾಗಿನ್ ಆಗಲು ಸಾಧ್ಯವಾಗದಿದ್ದರೂ ದತ್ತಾಂಶವು ಸಾಮಾನ್ಯವಾಗಿ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ. ಆತುರದಲ್ಲಿ ಕಡತಗಳನ್ನು ಅಳಿಸಿದಾಗ ಅಥವಾ ತಂತ್ರಾಂಶವನ್ನು ಕಿತ್ತು ಮರಳಿ ಅಳವಡಿಸಿದಾಗ ಅದು ನಿಜವಾಗಿ ನಷ್ಟವಾಗುತ್ತದೆ. ಯಾವುದೇ ದುರಸ್ತಿಗೆ ಮುನ್ನ ಸರ್ವರನ್ನು ನಿಲ್ಲಿಸಿ, ದತ್ತಾಂಶದ ಕೋಶವನ್ನು ಪೂರ್ಣವಾಗಿ ಬೇರೆಡೆಗೆ ನಕಲಿಸಿಕೊಳ್ಳಬೇಕು. ಪ್ರವೇಶ ದೊರೆತ ಮೇಲೆ ಪಿಎಚ್‌ಪಿಮೈಅಡ್ಮಿನ್‌ನ ರಫ್ತು ಸೌಲಭ್ಯದಿಂದ ನಿಯತವಾಗಿ ಪ್ರತಿಗಳನ್ನು ತೆಗೆದಿರಿಸಬೇಕು. ಅದನ್ನು ಅದೇ ಯಂತ್ರದಲ್ಲಿ ಇರಿಸದೆ ಮತ್ತೊಂದು ಯಂತ್ರದಲ್ಲಿಯೋ ಪೆನ್ ಡ್ರೈವಿನಲ್ಲಿಯೋ ಇರಿಸಿದರೆ, ಮುಂದೆ ಯಂತ್ರವೇ ಕೆಟ್ಟರೂ ದತ್ತಾಂಶ ಕೈಗೆ ಸಿಗುತ್ತದೆ.